ಶೆಪರ್ಡ್ ಎಳೆದ ಒಂದು ಉಸಿರು

‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಸೋತದ್ದೇಕೆ ಎಂಬುದನ್ನು ಈ ವಾರ ಬಿಡಿಸಿ ನೋಡೋಣ ಎಂದು ಹೋದ ವಾರ ಹೇಳಿಯಾಗಿತ್ತು. ಹಾಗಾಗಿ ಅಲ್ಲಿಂದಲೇ ಶುರು. 2024ರ ಅಕ್ಟೋಬರ್ 31ರಂದು ಹೊರಬಂದ ಆ ಆಟವನ್ನು ಮೊದಲ ತ್ರೈಮಾಸಿಕದಲ್ಲಿ ಆಡಿದವರು ಸುಮಾರು 15 ಲಕ್ಷ ಮಂದಿ. ಪ್ರಕಾಶಕ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಅಂದುಕೊಂಡದ್ದಕ್ಕಿಂತ ಇದು ಹೆಚ್ಚುಕಮ್ಮಿ ಅರ್ಧದಷ್ಟು ಕಡಿಮೆ. 2025ರ ಫೆಬ್ರವರಿಯಲ್ಲಿ ಕಂಪನಿಯ ಮುಖ್ಯಸ್ಥ ಆಂಡ್ರ್ಯೂ ವಿಲ್ಸನ್ ಹೂಡಿಕೆದಾರರಿಗೆ ಕೊಟ್ಟ ವಿವರಣೆಯ ಸಾರ ಇಷ್ಟು: ಒಳ್ಳೆಯ ಕಥೆಯೊಂದೇ ಈಗ ಸಾಲದು, ಹತ್ತಾರು ಜನ ಕೂಡಿ ಓಡಾಡುವ ಲೋಕವೂ ಅದರ ಜತೆಗಿರಬೇಕೆಂದು ಆಟಗಾರರು ಬಯಸುತ್ತಿದ್ದಾರೆ. ಲೈವ್ ಸರ್ವಿಸ್, ಎಂದರೆ ಸರ್ವರಿನ ಮೇಲೆ ನಡೆಯುತ್ತ ಹೊಸದನ್ನು ಸೇರಿಸುತ್ತಲೇ ಹೋಗುವ ಪದ್ಧತಿ, ಇಲ್ಲದ್ದೇ ಆಟದ ಕೊರತೆ ಎಂದು ಹೇಳುತ್ತಿದ್ದಾರೆಂದೇ ಬಹಳ ಜನ ಅದನ್ನು ಅರ್ಥಮಾಡಿಕೊಂಡರು. ಡ್ರ್ಯಾಗನ್ ಏಜ್ ಲೋಕವನ್ನು ಕಟ್ಟಿದ ಡೇವಿಡ್ ಗೇಡರ್, ಅದರ ಕ್ರಿಯೇಟಿವ್ ಡೈರೆಕ್ಟರ್ ಆಗಿದ್ದ ಮೈಕ್ ಲೇಡ್‌ಲಾ ಇಬ್ಬರೂ ಬಹಿರಂಗವಾಗಿಯೇ ಇದನ್ನು ಒಪ್ಪಲಿಲ್ಲ.

ಒಪ್ಪದಿರಲು ಅವರಿಗೆ ಕಾರಣವಿತ್ತು. ಬಯೋವೇರ್ ಸ್ಟುಡಿಯೋ ಈ ಆಟಕ್ಕೆ ‘ಜೋಪ್ಲಿನ್’ ಎಂಬ ಗುಟ್ಟಿನ ಹೆಸರಿಟ್ಟು ಒಬ್ಬರೇ ಆಡುವ ಕಥೆಯನ್ನು ಹೊಸೆಯುತ್ತಿತ್ತು. 2017ರಲ್ಲಿ ಅದನ್ನು ನಿಲ್ಲಿಸಿ, ಲೈವ್ ಸರ್ವಿಸ್ ಇರುವ ಬೇರೊಂದು ಆಟಕ್ಕೆ ಕೈಹಾಕಲಾಯಿತು ಎಂದು ಪತ್ರಕರ್ತ ಜೇಸನ್ ಶ್ರೈಯರ್ 2019ರಲ್ಲಿ ವಿವರವಾಗಿ ಬರೆದರು. ಆ ವರ್ಷದ ಫೆಬ್ರವರಿಯಲ್ಲಿ ಅದೇ ಸ್ಟುಡಿಯೋದ ಲೈವ್ ಸರ್ವಿಸ್ ಆಟ ‘ಆ್ಯಂಥೆಮ್’ ನೆಲಕಚ್ಚಿತು. ನವೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನದೇ, ಒಬ್ಬರೇ ಆಡುವ ‘ಜೆಡೈ: ಫಾಲನ್ ಆರ್ಡರ್’ ಗೆದ್ದಿತು. 2021ರ ಹೊತ್ತಿಗೆ ಡ್ರ್ಯಾಗನ್ ಏಜ್‌ನಿಂದ ಮಲ್ಟಿಪ್ಲೇಯರನ್ನು ಕಿತ್ತು ಹಾಕಲು ಅನುಮತಿ ಸಿಕ್ಕಿತು. ಹೀಗೆ ಎರಡು ಸಲ ದಿಕ್ಕು ಬದಲಿಸಿದ ಮನೆಯಲ್ಲಿ ಕಂಬ ಒಂದು ಕಡೆ, ತೊಲೆ ಇನ್ನೊಂದು ಕಡೆ. ಹಿಂದಿನ ಮೂರು ಆಟಗಳಲ್ಲಿ ಆಟಗಾರ ಮಾಡಿದ ನೂರಾರು ನಿರ್ಧಾರಗಳಲ್ಲಿ ವೇಲ್‌ಗಾರ್ಡ್‌ಗೆ ದಾಟಿ ಬಂದದ್ದು ಮೂರೇ ಮೂರು ಎಂಬುದೊಂದು ಸಾಕು. ಲೈವ್ ಸರ್ವಿಸ್ ಇಲ್ಲದ್ದರಿಂದ ಈ ಆಟ ಕೆಡಲಿಲ್ಲ. ಅದು ಹೊಕ್ಕು ಹೊರಟುಹೋದ ದಾರಿ ಆಟದ ಮೈಮೇಲೆ ಉಳಿದಿದೆ.

ವೇಲ್‌ಗಾರ್ಡ್ ಬಗ್ಗೆ ಇಷ್ಟು ಸಾಕು. ಅದರ ಪೋಸ್ಟ್‌ಮಾರ್ಟಂ ಮಾಡುತ್ತ ಕುಳಿತರೆ ಅದಕ್ಕಿಂತ ಹಳೆಯ, ಹೆಚ್ಚು ತಿಳಿವಳಿಕೆ ಕೊಡುವ ಒಂದು ಪ್ರಕರಣ ಮರೆಯಾಗಿಬಿಡುತ್ತದೆ. ಅದೂ ಇದೇ ಸ್ಟುಡಿಯೋದ್ದು.

2012ರ ಮಾರ್ಚ್‌ನಲ್ಲಿ ‘ಮಾಸ್ ಎಫೆಕ್ಟ್ 3’ ಬಂತು. ಮೂರು ಆಟ, ಐದು ವರ್ಷ, ಒಬ್ಬನೇ ನಾಯಕ ಅಥವಾ ನಾಯಕಿ: ಕಮಾಂಡರ್ ಶೆಪರ್ಡ್. ಗ್ಯಾಲಕ್ಸಿಯ ಜನಾಂಗಗಳನ್ನೆಲ್ಲ ಓಲೈಸಿ, ಬೈದು, ಬೇಡಿ, ರೀಪರ್‌ಗಳೆಂಬ ಯಂತ್ರರಾಕ್ಷಸರ ವಿರುದ್ಧ ಸೈನ್ಯ ಕೂಡಿಸಬೇಕು. ಕೂಡಿಸಿದ ಬಲಕ್ಕೊಂದು ಅಂಕ. ಆದರೆ ಆ ಅಂಕ ಹಾಗೇ ಲೆಕ್ಕಕ್ಕೆ ಬರುವುದಿಲ್ಲ. ಹಡಗಿನಲ್ಲಿ ಗ್ಯಾಲಕ್ಸಿಯ ನಕ್ಷೆಯೊಂದಿದೆ, ಐದು ವಲಯಗಳದ್ದು. ಪ್ರತಿಯೊಂದರ ಮೇಲೂ ಯುದ್ಧಸಿದ್ಧತೆಯ ಶೇಕಡಾವಾರು. ಆಟ ಶುರುವಾದಾಗ ಎಲ್ಲ ಕಡೆಯೂ 50. ಕೂಡಿಸಿದ ಬಲವನ್ನು ಈ ಶೇಕಡಾವಾರಿನಿಂದ ಗುಣಿಸಿದಾಗ ಬರುವುದೇ ನಿಜವಾದ ಬಲ. ಅಂದರೆ ಶೆಪರ್ಡ್ ಎಷ್ಟೇ ಬೆವರು ಸುರಿಸಲಿ, ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧ ಬೇಕಿದ್ದರೆ ಇಂಟರ್‌ನೆಟ್ಟಿಗೆ ಸೇರಿ ಇತರರೊಡನೆ ಮಲ್ಟಿಪ್ಲೇಯರ್ ಪಂದ್ಯ ಆಡಿ ಆ 50ನ್ನು ಮೇಲೇರಿಸಬೇಕು.

ಅಂತ್ಯದಲ್ಲಿ ಒಂದು ದೃಶ್ಯವಿದೆ, ಕೆಲವೇ ಸೆಕೆಂಡುಗಳದ್ದು. ಕಲ್ಲುಮಣ್ಣಿನ ರಾಶಿಯಡಿ ರಕ್ಷಾಕವಚ ತೊಟ್ಟ ಎದೆಯೊಂದು ಕಾಣುತ್ತದೆ. ಒಂದು ಉಸಿರು ಒಳಕ್ಕೆ ಎಳೆದ ಸದ್ದು. ಪರದೆ ಕಪ್ಪಾಗುತ್ತದೆ. ಶೆಪರ್ಡ್ ಬದುಕಿದ್ದಾರೆ ಎಂಬುದಕ್ಕೆ ಮೂರೂ ಆಟಗಳಲ್ಲಿ ಇರುವ ಸಾಕ್ಷಿ ಅದೊಂದೇ. ಆ ಉಸಿರನ್ನು ಕೇಳಲು ನಿಜಬಲ ಕಡಿಮೆಯೆಂದರೂ 4000 ಮುಟ್ಟಬೇಕಿತ್ತು. ಶೇ 50ರಲ್ಲಿ ಅಷ್ಟಾಗಬೇಕಾದರೆ 8000 ಬಲ ಕೂಡಿಸಬೇಕು. ಒಬ್ಬರೇ ಆಡುವವರಿಗೆ ಕಥೆಯೊಳಗೆ ಅಷ್ಟು ಸಿಗುತ್ತಲೇ ಇರಲಿಲ್ಲ. ಮಲ್ಟಿಪ್ಲೇಯರ್ ಮುಟ್ಟದೆಯೂ ಉತ್ತಮ ಅಂತ್ಯ ಸಿಗುತ್ತದೆಂದು ಬಿಡುಗಡೆಗೆ ಮುಂಚೆ ಮಾತು ಕೊಡಲಾಗಿತ್ತು. ಆ ಮಾತು ಉಳಿಯಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು, ಅದನ್ನು ಆಗ ಗಮನಿಸಿದವರು ಕಡಿಮೆ. ಆ ಶೇಕಡಾವಾರು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಕನ್ಸೋಲ್ ಆರಿಸಿ ಮಲಗಿದರೂ ಇಳಿಯುತ್ತಿತ್ತು. ಪರೀಕ್ಷೆಯೆಂದೋ ಮನೆಯಲ್ಲಿ ಮದುವೆಯೆಂದೋ ವಾರವೊಂದು ಬಿಟ್ಟು ಬಂದರೆ ಗಳಿಸಿದ್ದು ಕರಗಿ ಹೋಗಿರುತ್ತಿತ್ತು. ಕಥೆಯೊಳಗಿನ ಗ್ಯಾಲಕ್ಸಿ ಉಳಿಯುವುದೋ ಅಳಿಯುವುದೋ ಎಂಬುದು ಆಟಗಾರನ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಕಟ್ಟುಬಿತ್ತು.

ಲೈವ್ ಸರ್ವಿಸ್ ಬಗ್ಗೆ ವಾದಕ್ಕಿಳಿಯುವವರು ಸಾಮಾನ್ಯವಾಗಿ ಎರಡೇ ವಿಷಯ ಎತ್ತುತ್ತಾರೆ: ದುಡ್ಡು, ಜನ. ಅಂಗಡಿ ಇಟ್ಟರು ಎನ್ನುವುದು ಒಂದು ದೂರು, ನಾಲ್ವರು ಅಪರಿಚಿತರನ್ನು ಕಥೆಯೊಳಗೆ ನುಗ್ಗಿಸಿದರು ಎನ್ನುವುದು ಇನ್ನೊಂದು. ಎರಡೂ ನಿಜವೇ. ಆದರೆ ಈ ಅಂಕಣ ಹಿಡಿದಿರುವ ಪಟ್ಟು ಬೇರೆ. ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬಹುದು, ಜನರನ್ನು ಸಹಿಸಿಕೊಳ್ಳಬಹುದು. ಮಾಸ್ ಎಫೆಕ್ಟ್ 3ರ ಮಲ್ಟಿಪ್ಲೇಯರ್ ಅಂತೂ ಸೊಗಸಾಗಿತ್ತು, ಅದನ್ನು ಪ್ರೀತಿಸಿದವರು ಇಂದಿಗೂ ಇದ್ದಾರೆ. ಕಥೆಗೆ ನಿಜವಾಗಿ ಪೆಟ್ಟು ಕೊಡುವುದು ಗಡಿಯಾರ. ಕಥೆಯ ಕಾಲವನ್ನು ಕಥೆಯಿಂದಲೂ ಆಟಗಾರನಿಂದಲೂ ಕಿತ್ತು ಸರ್ವರಿನ ಕೈಗೆ ಕೊಟ್ಟಾಗ ಕಥೆ ಕೆಡುತ್ತದೆ.

ಬಯೋವೇರ್‌ಗೂ ಇದು ಅರ್ಥವಾಗಿತ್ತು. 2012ರ ಜೂನ್‌ನಲ್ಲಿ ಬಂದ ಎಕ್ಸ್‌ಟೆಂಡೆಡ್ ಕಟ್ ಆ 4000ವನ್ನು 3100ಕ್ಕೆ ಇಳಿಸಿತು. 2021ರ ಮೇ ತಿಂಗಳ ‘ಲೆಜೆಂಡರಿ ಎಡಿಷನ್’ನಲ್ಲಿ ಮಲ್ಟಿಪ್ಲೇಯರೂ ಇಲ್ಲ, ಇಳಿಯುವ ಶೇಕಡಾವಾರೂ ಇಲ್ಲ. ಶೆಪರ್ಡ್ ಉಸಿರು ಮತ್ತೆ ಶೆಪರ್ಡ್ ಕೈಗೆ ಬರಲು ಒಂಬತ್ತು ವರ್ಷ ಹಿಡಿಯಿತು.

ಹಾಗಾದರೆ ಕಂತಿನಲ್ಲಿ ಕಥೆ ಹೇಳುವುದೇ ತಪ್ಪೇ? ಖಂಡಿತ ಅಲ್ಲ. ಕನ್ನಡ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸುಧಾ, ಪ್ರಜಾಮತ, ತರಂಗದಲ್ಲಿ ವಾರ ವಾರ ಬಂದ ಧಾರಾವಾಹಿಗಳ ಮೇಲೆ ಬೆಳೆದ ಮನೆಗಳಿವು. ಪುಟದ ಕೊನೆಯಲ್ಲಿ ‘ಸಶೇಷ’ ಎಂಬ ಪದ ಕಂಡು ನಿಟ್ಟುಸಿರು ಬಿಟ್ಟು, ಮುಂದಿನ ವಾರ ಪೇಪರಿನ ಹುಡುಗನಿಗೆ ಬಾಗಿಲಲ್ಲೇ ಕಾದವರು ನಮ್ಮ ಅಮ್ಮಂದಿರು, ಅಜ್ಜಿಯರು. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಓದಿಯಾದ ಮೇಲೆ ಆ ಪುಟಗಳನ್ನು ಹುಷಾರಾಗಿ ಕತ್ತರಿಸಿ, ಸಾಲಾಗಿ ಜೋಡಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿ ಟ್ರಂಕಿನಲ್ಲಿಡುತ್ತಿದ್ದರು. ಒಂದು ವಾರದ ಸಂಚಿಕೆ ತಪ್ಪಿದರೆ ಪಕ್ಕದ ಮನೆಯಿಂದ ಇಸಕೊಂಡು ಬರಬಹುದಿತ್ತು. ನಲವತ್ತು ವರ್ಷದ ಮೇಲೆ ಮೊಮ್ಮಗಳು ಆ ರಟ್ಟು ಬಿಚ್ಚಿದರೆ ಮೊದಲ ಕಂತಿನಿಂದಲೇ ಓದಬಹುದು. ಕಾಯಿಸುವುದು ಕಥೆಗೆ ಒಗ್ಗುವ ಗುಣ, ಕಾಯಿಸಿದ್ದನ್ನು ಮಾಯ ಮಾಡುವುದಲ್ಲ.

ಶಾಂಘೈನ ಮಿಹೋಯೋ ಕಂಪನಿಯ ‘ಗೆನ್ಶಿನ್ ಇಂಪ್ಯಾಕ್ಟ್’ ಎಡವುವುದು ಇಲ್ಲೇ. 2020ರ ಸೆಪ್ಟೆಂಬರ್ 28ರಂದು ಶುರುವಾದ ಈ ಆಟದ ಮುಖ್ಯ ಕಥೆ ಗಟ್ಟಿ, ಸಂಗೀತ ಅದಕ್ಕಿಂತ ಗಟ್ಟಿ. ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ಕೊಡುವ ಶಿಸ್ತು ಬೇರೆಯವರಿಗೆ ಒಲಿದಿಲ್ಲ. ದುಡ್ಡು ಸುರಿದು ಲಾಟರಿಯಂತೆ ಪಾತ್ರ ಗಿಟ್ಟಿಸುವ ಅದರ ಗಾಚಾ ಪದ್ಧತಿಯ ಬಗ್ಗೆ ಇಲ್ಲಿ ಹಲವು ಸಲ ಬರೆದಾಗಿದೆ. 2025ರ ಜನವರಿಯಲ್ಲಿ ಅದರ ವಿತರಕರು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜತೆ 2 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡದ್ದೂ ಗೊತ್ತಿರುವ ಸಂಗತಿ. ಈ ವಾರದ ದೂರು ಸ್ಕಾರಮೂಚ್ ಎಂಬ ಪಾತ್ರದ್ದು.

2020ರ ನವೆಂಬರಿನಲ್ಲಿ ಆಟದ 1.1 ಆವೃತ್ತಿಯಲ್ಲಿ ಒಂದು ಇವೆಂಟ್ ನಡೆಯಿತು. ಆಕಾಶದಿಂದ ಉಲ್ಕೆಗಳು ಬೀಳುತ್ತವೆ, ಮುಟ್ಟಿದವರು ಎಚ್ಚರವಾಗದ ನಿದ್ದೆಗೆ ಜಾರುತ್ತಾರೆ. ಅದರ ಕೊನೆಯಲ್ಲಿ ಅಗಲ ಟೋಪಿಯ, ನಯವಾದ ಮಾತಿನ ಹುಡುಗನೊಬ್ಬ ಎದುರಾಗುತ್ತಾನೆ. ಜೊತೆಗಿರುವ ಜ್ಯೋತಿಷಿ ಮೋನಾ ಅಪಾಯ ಮೂಸಿ ನೋಡಿದವಳಂತೆ, ಆಟಗಾರ ನಡೆಸುವ ಪಾತ್ರವಾದ ಸಂಚಾರಿಯನ್ನು ಎಳೆದುಕೊಂಡು ಮಾಯವಾಗುತ್ತಾಳೆ. ಅವನೇ ಸ್ಕಾರಮೂಚ್. ಮುಂದಿನ ವರ್ಷ ಇನಾಜುಮಾ ಅಧ್ಯಾಯದಲ್ಲಿ ಅವನು ಶತ್ರುವಾಗಿ ಬರುತ್ತಾನೆ, 2022ರಲ್ಲಿ ಸುಮೇರು ಅಧ್ಯಾಯದಲ್ಲಿ ದೇವರಾಗಲು ಹೊರಡುತ್ತಾನೆ, ಆ ಡಿಸೆಂಬರಿನಲ್ಲಿ ಆಟಗಾರನ ತಂಡಕ್ಕೇ ಸೇರುತ್ತಾನೆ. ಇಡೀ ಆಟದಲ್ಲಿ ಇಷ್ಟು ದೂರ ನಡೆದ ಪಾತ್ರಗಳು ಕೆಲವೇ. ಆದರೆ ಅವನ ಮೊದಲ ಪ್ರವೇಶ ಆ ನವೆಂಬರಿಗೇ ಮುಗಿಯಿತು. ಎರಡು ವಾರದ ಇವೆಂಟ್ ಕಳಚಿ ತೆಗೆದರು. 2021ರಲ್ಲಿ ಆಟ ಶುರು ಮಾಡಿದವನ ಮುಂದೆ ಸ್ಕಾರಮೂಚ್ ಬಂದು ನಿಂತಾಗ ಸಂಚಾರಿಗೆ ಅವನ ಗುರುತಿದೆ, ಆಟಗಾರನಿಗಿಲ್ಲ. ಆಗ ಮಾಡುವುದೇನು? ಯೂಟ್ಯೂಬಿನಲ್ಲಿ ಯಾರೋ ಆಡಿ ಇಟ್ಟದ್ದನ್ನು ಹುಡುಕಿ ನೋಡಬೇಕು. ಇನ್ನೊಬ್ಬರು ಉಂಡದ್ದನ್ನು ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ.

ಯೂಟ್ಯೂಬ್ ಎಂದಾಗ ‘ಡೆಸ್ಟಿನಿ 2’ ನೆನಪಾಗದೆ ಇರದು. 2017ರಲ್ಲಿ ದುಡ್ಡು ಕೊಟ್ಟು ಕೊಂಡವರು ಆಡಿದ ಅದರ ಮೊದಲ ಕಥೆ ‘ರೆಡ್ ವಾರ್’. 2020ರ ನವೆಂಬರಿನಲ್ಲಿ ಬಂಜಿ ಕಂಪನಿ ಅದನ್ನು ಆಟದಿಂದ ತೆಗೆದು ‘ಕಂಟೆಂಟ್ ವಾಲ್ಟ್’ ಎಂಬ ಉಗ್ರಾಣಕ್ಕೆ ಹಾಕಿತು. ಆಟದ ಗಾತ್ರ ಮಿತಿಮೀರಿತ್ತೆಂಬ ಕಾರಣ ಕೊಟ್ಟರು. ಆಮೇಲೆ ಆ ಕಥೆ ತನ್ನದನ್ನು ಕದ್ದದ್ದೆಂದು ಬರಹಗಾರನೊಬ್ಬ ಅಮೆರಿಕದ ಲೂಸಿಯಾನಾದಲ್ಲಿ ದಾವೆ ಹೂಡಿದ. ತನ್ನ ಕಥೆ ಏನೆಂದು ನ್ಯಾಯಾಲಯಕ್ಕೆ ತೋರಿಸಬೇಕಾದ ಹೊತ್ತಿನಲ್ಲಿ ಬಂಜಿಯ ಕೈಯಲ್ಲಿ ಆಡಿಸಿ ತೋರಿಸುವಂಥ ಆಟವಿರಲಿಲ್ಲ; ಹಳೆಯ ಕೋಡ್ ಈಗಿನ ವ್ಯವಸ್ಥೆಯಲ್ಲಿ ಓಡುವುದಿಲ್ಲ. ಅಭಿಮಾನಿಗಳು ಹಾಕಿದ ಯೂಟ್ಯೂಬ್ ವಿಡಿಯೊಗಳನ್ನೂ ಅಭಿಮಾನಿಗಳೇ ಬರೆದ ವಿಕಿ ಪುಟಗಳನ್ನೂ ಕಂಪನಿ ಮುಂದಿಟ್ಟಿತು. 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಅವನ್ನು ಪರಿಗಣಿಸಲು ಒಪ್ಪದೆ, ದಾವೆ ವಜಾ ಮಾಡಬೇಕೆಂಬ ಬಂಜಿಯ ಮನವಿಯನ್ನು ತಳ್ಳಿಹಾಕಿದರು. ತಾನು ಬರೆದ ಕಥೆಯನ್ನು ತಾನೇ ತೆರೆದು ತೋರಿಸಲಾರದ ಸ್ಥಿತಿ ಯಾವ ಕಾದಂಬರಿಕಾರನಿಗೂ ಬರಬಾರದು.

ಲೈವ್ ಸರ್ವಿಸ್‌ನ ಪರ ನಿಲ್ಲುವವರು ಒಂದು ಹೆಸರು ಹೇಳಿದರೆ ಮಾತ್ರ ತಲೆಬಾಗಬೇಕು: ‘ಫೈನಲ್ ಫ್ಯಾಂಟಸಿ 14’. 2010ರಲ್ಲಿ ಬಂದ ಅದರ ಮೊದಲ ರೂಪ ಹೀನಾಯವಾಗಿ ಸೋತಿತು. ಹೊಣೆ ಹೊತ್ತ ನವೋಕಿ ಯೋಶಿದಾ ಆಟವನ್ನು ರಿಪೇರಿ ಮಾಡುತ್ತಲೇ ಇನ್ನೊಂದನ್ನು ಕಟ್ಟಿದರು. ಹಳೆಯ ಲೋಕದ ಆಕಾಶದಲ್ಲಿ ದಲಮುದ್ ಎಂಬ ಕೆಂಪು ಚಂದ್ರ ಇತ್ತು. ತಿಂಗಳುಗಟ್ಟಲೆ ಅದು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತ ಬಂತು. ಬೇಟೆಗೆ ಹೋದವನು, ಮೀನು ಹಿಡಿಯುತ್ತ ಕೂತವನು ತಲೆ ಎತ್ತಿದರೆ ನಿನ್ನೆಗಿಂತ ಇವತ್ತು ಹತ್ತಿರ. 2012ರ ನವೆಂಬರ್ 11ರಂದು ಸರ್ವರ್ ಮುಚ್ಚಿತು, ಚಂದ್ರ ಒಡೆದು ಬಹಾಮುತ್ ಎಂಬ ದೈತ್ಯ ಡ್ರ್ಯಾಗನ್ ಹೊರಬಂದು ಲೋಕವನ್ನು ಸುಟ್ಟಿತು. 2013ರ ಆಗಸ್ಟ್‌ನಲ್ಲಿ ಬಂದ ಹೊಸ ಆಟದ ಕಥೆ ಶುರುವಾಗುವುದು ಆ ಪ್ರಳಯ ಕಳೆದ ಐದು ವರ್ಷಕ್ಕೆ. ಎಲ್ಲರೂ ಒಂದೇ ಆಕಾಶದಡಿ, ಒಂದೇ ದಿನ ಕಂಡ ಆ ನಾಶವನ್ನು ಡಿಸ್ಕಿನಲ್ಲಿ ಹಾಕಿ ಮಾರುವ ಯಾವ ಆಟವೂ ಕೊಡಲಾರದು. ಅಲ್ಲಿ ಕ್ಯಾಲೆಂಡರೇ ಕಥೆಯಾಗಿತ್ತು.

ಅದಕ್ಕಿಂತ ದೊಡ್ಡ ಸಂಗತಿ ಆಮೇಲಿನದು. 2013ರಿಂದ ಈಚೆಗಿನ ಮುಖ್ಯ ಕಥೆ ಇಂದು ಸೇರಿದವನಿಗೂ ಮೊದಲಿನಿಂದ ಕೊನೆಯವರೆಗೆ ಆಡಲು ಸಿಗುತ್ತದೆ. 2022ರಿಂದ ಮುಖ್ಯ ಕಥೆಯ ಗುಹೆಗಳನ್ನು ಕಂಪ್ಯೂಟರ್ ನಡೆಸುವ ಸಂಗಾತಿಗಳ ಜತೆ ಒಬ್ಬರೇ ದಾಟುವ ವ್ಯವಸ್ಥೆಯನ್ನು ಹಂತಹಂತವಾಗಿ ಸೇರಿಸಿದರು. ಹೊಸದು ಬರುವವರೆಗೆ ಚಂದಾ ನಿಲ್ಲಿಸಿ ಬೇರೆ ಆಟ ಆಡಿಕೊಂಡು ಬನ್ನಿ ಎಂದು ಯೋಶಿದಾ ಬಾಯಿಬಿಟ್ಟೇ ಹೇಳಿದ್ದಾರೆ. ಅದೇ ಆಟದಲ್ಲಿ 45 ದಿನ ಹೋಗದಿದ್ದರೆ ಕೊಂಡ ಮನೆಯನ್ನು ಕೆಡವಿ ಹಾಕುವ ನಿಯಮವೂ ಇದೆ, ಅದು ಸರಿಯಲ್ಲ. ಆದರೆ ಕಥೆಯ ಮಟ್ಟಿಗೆ ಅವರು ಟ್ರಂಕಿನ ಧರ್ಮ ಬಿಟ್ಟಿಲ್ಲ.

ಆಟವನ್ನು ತಿದ್ದುವ ಪ್ಯಾಚ್ ಬೇರೆ, ಅವಧಿಗಿಷ್ಟು ಎಂದು ದುಡ್ಡು ಕೇಳುವ ಪಾಸ್ ಬೇರೆ. ಇದನ್ನೂ ಒಂದು ಸಲ ಸ್ಪಷ್ಟಪಡಿಸಿಕೊಳ್ಳಬೇಕು. ‘ಬಾಲ್ಡರ್ಸ್ ಗೇಟ್ 3’ 2023ರ ಆಗಸ್ಟ್‌ನಲ್ಲಿ ಬಂದಾಗ ಅಂತ್ಯ ಅವಸರದಲ್ಲಿ ಮುಗಿಯಿತೆಂಬ ಕೊರಗಿತ್ತು. ನವೆಂಬರ್ ಕೊನೆಯ ಐದನೇ ಪ್ಯಾಚ್‌ನಲ್ಲಿ ಲಾರಿಯನ್ ಸ್ಟುಡಿಯೋ, ಆರು ತಿಂಗಳ ಮೇಲೆ ಸಂಗಾತಿಗಳೆಲ್ಲ ಬಿಡಾರದಲ್ಲಿ ಮತ್ತೆ ಕೂಡುವ ಒಂದು ರಾತ್ರಿಯನ್ನು ಬರೆದು ಸೇರಿಸಿತು. ಪುಕ್ಕಟೆ, ಎಲ್ಲರಿಗೂ, ಎಂದೆಂದಿಗೂ. 2025ರ ಏಪ್ರಿಲ್‌ನಲ್ಲಿ ಎಂಟನೇ ಪ್ಯಾಚ್ ಕೊಟ್ಟು, ದೊಡ್ಡ ಪ್ಯಾಚುಗಳಲ್ಲಿ ಇದೇ ಕೊನೆಯದು ಎಂದು ಮಂಗಳ ಹಾಡಿತು. ಮುಗಿಸುವ ಧೈರ್ಯವೂ ಕಥೆಗಾರಿಕೆಯ ಒಂದು ಭಾಗ. ‘ಎಂಡ್‌ಗೇಮ್ ಎಲ್ಲಿ, ಮುಗಿದ ಮೇಲೆ ಮಾಡಲು ಏನಿದೆ’ ಎಂದು ಪ್ರತಿ ಆರ್‌ಪಿಜಿಗೂ ಅಂಕ ಕತ್ತರಿಸುವ ವಿಮರ್ಶಕರ ಪಂಥವೊಂದಿದೆಯಲ್ಲ, ಅವರಿಗೆ ಕೊಡಬೇಕಾದ ಉತ್ತರ ಆ ಬಿಡಾರದ ರಾತ್ರಿ. ಮುಗಿದ ಮೇಲೆ ಮಾಡಬೇಕಾದದ್ದು ಮುಗಿದದ್ದನ್ನು ನೆನೆಯುವುದು.

ಇನ್ನು ಈ ಅಂಕಣದ ಹಳೆಯ ಓದುಗರು ಕಾದಿರುವ ಹೆಸರು. 1999ರ ಡಿಸೆಂಬರಿನಲ್ಲಿ ಬ್ಲ್ಯಾಕ್ ಐಲ್ ಹೊರತಂದ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’. ಸಾಯದ, ಆದರೆ ಹಿಂದಿನ ಜನ್ಮಗಳನ್ನೆಲ್ಲ ಮರೆತ ಹೆಸರಿಲ್ಲದವನ ಕಥೆ. ಸಿಗಿಲ್ ನಗರದಲ್ಲಿ ಅನುಭವವೇ ಪರಮ ಎನ್ನುವ ಪಂಥದವರ ಮಂದಿರವೊಂದಿದೆ. ಅಲ್ಲಿನ ಕಲ್ಲುಗಳಲ್ಲಿ ಒಬ್ಬೊಬ್ಬರ ಒಂದೊಂದು ಅನುಭವ ತುಂಬಿಟ್ಟಿರುತ್ತಾರೆ. ಡಿಯೊನಾರಾ ಎಂಬವಳು ಬಿಟ್ಟುಹೋದ ಕಲ್ಲೂ ಅಲ್ಲಿದೆ. ಅವಳು ಸತ್ತು ಎಷ್ಟೋ ಕಾಲವಾಗಿದೆ. ಹೆಸರಿಲ್ಲದವನು ಕಲ್ಲು ಮುಟ್ಟುತ್ತಾನೆ. ಪರದೆಯ ಮೇಲೆ ನಡೆಯುವುದು ಏನೂ ಇಲ್ಲ, ಕೆಳಗಿನ ಚೌಕದಲ್ಲಿ ಅಕ್ಷರ ಸರಿಯುತ್ತದೆ, ಅಷ್ಟೇ. ಮೊದಲು ಅವಳ ಎದೆಯೊಳಗಿನ ಪ್ರೀತಿ, ಇವನಿಗಾಗಿ ಏನನ್ನೂ ಮಾಡಲು ಸಿದ್ಧಳಾದ ಅವಳ ಹಂಬಲ. ಅದೇ ಹೊತ್ತಿಗೆ ನೆನಪು ಮಗುಚಿ, ಅದೇ ಗಳಿಗೆಯನ್ನು ಅವನು ತನ್ನ ಹಿಂದಿನ ಜನ್ಮದ ಕಣ್ಣಿನಿಂದ ಕಾಣುತ್ತಾನೆ. ಅಲ್ಲಿ ಪ್ರೀತಿಯ ಸುಳಿವಿಲ್ಲ, ಲೆಕ್ಕಾಚಾರ ಮಾತ್ರ. ಇವಳನ್ನು ಹೇಗೆ ಬಳಸಿಕೊಳ್ಳಬಹುದು ಎಂಬ ತಣ್ಣನೆಯ ಲೆಕ್ಕ. ನಂಬಿದವಳ ಮೈಯೊಳಗೂ ವಂಚಿಸಿದವನ ಮೈಯೊಳಗೂ ಒಟ್ಟಿಗೆ ನಿಂತು, ಅವಳನ್ನು ಎಚ್ಚರಿಸಬೇಕೆಂದು ಕೂಗಿಕೊಳ್ಳುವ ಆಸೆಯಾದರೂ ಕೂಗಲಾಗುವುದಿಲ್ಲ, ಏಕೆಂದರೆ ಎಲ್ಲವೂ ಎಂದೋ ನಡೆದುಹೋಗಿದೆ. ಸುಮಾರು 8 ಲಕ್ಷ ಪದಗಳ ಆ ಆಟದಲ್ಲಿ ಇಷ್ಟು ಸುಡುವ ಜಾಗ ಇನ್ನೊಂದಿಲ್ಲ.

ಈ ದೃಶ್ಯವನ್ನು ಗಾಚಾ ಆಟ ಬರೆಯಲಾರದು. ಬರಹಗಾರರಿಗೆ ಶಕ್ತಿ ಸಾಲದೆಂದಲ್ಲ. ಮುಂದಿನ ತಿಂಗಳು ಮಾರಾಟಕ್ಕಿಡಬೇಕಾದ ಪಾತ್ರವನ್ನು ಇಷ್ಟು ಹೇಯವಾಗಿ ತೋರಿಸಲು, ಇಷ್ಟು ಪೂರ್ತಿಯಾಗಿ ಕೊಲ್ಲಲು ವ್ಯಾಪಾರ ಬಹುಮಟ್ಟಿಗೆ ಬಿಡುವುದಿಲ್ಲ. ಮಿಹೋಯೋದವರೇ ‘ಹೊಂಕೈ ಇಂಪ್ಯಾಕ್ಟ್ ಥರ್ಡ್’ನಲ್ಲಿ ಹಿಮೆಕೊ ಎಂಬ ಗುರುವನ್ನು 2018ರಲ್ಲಿ ಸಾಯಿಸುವ ಧೈರ್ಯ ಮಾಡಿದರು. ಆ ಸಾವು ಜನರ ಕಣ್ಣು ತೇವ ಮಾಡಿತು. ಆದರೂ ಆಟಗಾರರ ಸಂಗ್ರಹದಲ್ಲಿ ಹಿಮೆಕೊ ಖಡ್ಗ ಹಿಡಿದು ನಿಂತೇ ಇದ್ದಳು, ಮರುದಿನದ ಯುದ್ಧಕ್ಕೂ ಬಂದಳು. ಡಿಯೊನಾರಾ ಹಾಗೆ ಬರುವುದಿಲ್ಲ. ಆಕೆಯ ಪ್ರೇತವಿದೆ, ಆಕೆಯ ಕಲ್ಲಿದೆ; ಆ ಕಲ್ಲನ್ನು ಯಾವಾಗ ಮುಟ್ಟಬೇಕು, ಮತ್ತೆ ಮುಟ್ಟಬೇಕೇ ಎಂಬುದು ಆಟಗಾರನಿಗೆ ಬಿಟ್ಟದ್ದು.

2017ರಲ್ಲಿ ಬೀಮ್‌ಡಾಗ್ ಮಾಡಿದ ಪರಿಷ್ಕೃತ ಆವೃತ್ತಿ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇನ್ನೂ ಆಡದವರು ಈ ತಿಂಗಳು ಆಡಿ, ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಬಯೋವೇರ್‌ನ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ 2009ರದ್ದು, ಅದೂ ಇಂದಿಗೂ ತೆರೆದುಕೊಳ್ಳುತ್ತದೆ. ಅದೇ ಸ್ಟುಡಿಯೋದ ಆ್ಯಂಥೆಮ್‌ನ ಸರ್ವರುಗಳನ್ನು 2026ರ ಜನವರಿ 12ರಂದು ಮುಚ್ಚಿದರು. ದುಡ್ಡು ಕೊಟ್ಟು ಕೊಂಡ ಅದರ ಡಿಸ್ಕ್ ಈಗ ಯಾವ ಯಂತ್ರಕ್ಕೆ ಹಾಕಿದರೂ ಆಟ ಶುರುವಾಗುವುದಿಲ್ಲ.